ಹುಣಸೆ ಬುಡದ ಕೆಂಪು ಅಣಬೆ: ಕಿತ್ತು ಹಾಕಿದರೆ ಮುಗೀತಾ?

ಓದುಗರ ಪ್ರಶ್ನೆ

"ಶರಣ್ರಿ ಸರ್. ನಮ್ಮದು ಚಿಂಚೋಳಿ ತಾಲ್ಲೂಕಿನ ಒಂದು ಹಳ್ಳಿ. ಮನೆ ಮುಂದೆ, ರಸ್ತೆಗೆ ಹತ್ತಿ ಒಂದು ಹಳೆಯ ಹುಣಸಿ ಗಿಡ ಇದೆ. ಮುತ್ಯಾನ ಅಪ್ಪ ಹಚ್ಚಿದ್ದು ಅಂತ ಅವ್ವ ಹೇಳುತ್ತಾಳೆ. ಹಗ್ಗ ಹಿಡಿದು ಅಳೆದೆ, ಸುತ್ತಳತೆ 11 ಅಡಿ ಬಂತು. ಏಳು ವರ್ಷದ ಹಿಂದೆ ಗಿಡದ ಸುತ್ತ ಸಿಮೆಂಟ್ ಕಟ್ಟೆ ಕಟ್ಟಿಸಿದೆವು. ಅದಾದ ಎರಡು ವರ್ಷಕ್ಕೆ ನೀರಿನ ಪೈಪಿಗಾಗಿ ಮೂಡಣ ಕಡೆ ಜೆಸಿಬಿ ತಗ್ಗು ತೋಡಿತು. ಈಗ ಮೂರು ಮಳೆಗಾಲದಿಂದ ಅದೇ ಕಡೆ ಬುಡದಲ್ಲಿ ವಾರ್ನಿಶ್ ಹೊಡೆದ ಹಾಗೆ ಹೊಳೆಯುವ ಕೆಂಪು ಅಣಬೆ ಏಳುತ್ತಿದೆ. ಮೊದಲ ವರ್ಷ ಒಂದಿತ್ತು, ಈ ವರ್ಷ ಐದು.

ಕಾಕಾ ಹೇಳುತ್ತಾರೆ, ಕಿತ್ತು ಹಾಕಿ ಸೀಮೆಎಣ್ಣೆ ಸುರಿ, ಮುಗೀತದ ಅಂತ. ವಾಟ್ಸಾಪಿನಲ್ಲಿ ಒಬ್ಬ ಫೋಟೋ ನೋಡಿ ಇದು ಕೆಜಿಗೆ ಲಕ್ಷ ರೂಪಾಯಿ ಬಾಳುವ ಔಷಧಿ, ಮೊದಲು ಪರೀಕ್ಷೆಗೆ 4,000 ಕಳಿಸಿ ಅಂತಾನೆ. ಅವ್ವನಿಗೆ ಸಕ್ಕರೆ ಕಾಯಿಲೆ ಇದೆ, ಇದನ್ನೇ ಕುದಿಸಿ ಕುಡಿಸು ಅಂತ ಪಕ್ಕದ ಮನೆಯವರು ಹೇಳುತ್ತಾರೆ. ಗಿಡದ ಪಕ್ಕದ ಹೊಲದಲ್ಲಿ ತೊಗರಿ ಅಲ್ಲಲ್ಲಿ ಒಣಗಿದೆ, ಅದೂ ಇದರಿಂದಲೇ ಏನು? ಗಿಡ ಮಾತ್ರ ಹಚ್ಚಗಿದೆ, ಹೋದ ವರ್ಷ ಕಾಯಿ ಚೆನ್ನಾಗಿ ಬಿಟ್ಟಿತ್ತು. ಕಡೀಬೇಕಾ, ಬ್ಯಾಡಾ? ಕಡಿಯೋದು ಅಂದರೆ ಅವ್ವ ಅಳುತ್ತಾಳೆ. ಬೆಳಿಗ್ಗೆ ಶಾಲೆ ಮಕ್ಕಳು ಬಸ್ಸಿಗೆ ಅದೇ ಕಟ್ಟೆ ಮೇಲೆ ಕೂತು ಕಾಯುತ್ತಾರೆ."

ಉತ್ತರ

ನೀವು ಇಷ್ಟು ಪ್ರಶ್ನೆ ಕೇಳಿದ್ದೀರಿ. ಆದರೆ ನನ್ನ ಕಣ್ಣು ನಿಂತದ್ದು ಪತ್ರದ ಕೊನೆಯ ಸಾಲಿನ ಮೇಲೆ. ಮಕ್ಕಳು ಆ ಕಟ್ಟೆ ಮೇಲೆ ಕೂರುವುದನ್ನು ಮೊದಲು ನಿಲ್ಲಿಸಿ. ನಾಳೆಯಿಂದಲೇ. ಬಸ್ಸು ಇಪ್ಪತ್ತು ಮೂವತ್ತು ಹೆಜ್ಜೆ ಆಚೆ ನಿಂತರೆ ಯಾರಿಗೂ ನಷ್ಟವಿಲ್ಲ. ಶಾಲೆಯ ಮೇಷ್ಟ್ರಿಗೂ ಬಸ್ಸಿನ ಡ್ರೈವರಿಗೂ ನೀವೇ ಹೋಗಿ ಹೇಳಿ. ಉಳಿದದ್ದನ್ನು ನಿಧಾನವಾಗಿ ಮಾತಾಡೋಣ, ಅದಕ್ಕೆ ಸಮಯವಿದೆ.

ಪತ್ರದ ಜೊತೆ ನೀವು ಕಳಿಸಿದ ಫೋಟೋಗಳನ್ನು ದೊಡ್ಡದು ಮಾಡಿ ನೋಡಿದೆ. ಮೂತ್ರಪಿಂಡದ ಆಕಾರ, ಮೇಲೆ ಕೆಂಪು ಕಂದು ಬಣ್ಣದ ಹೊಳಪು, ಅಂಚಿನಲ್ಲಿ ಹಳದಿ ಬಿಳಿ ಪಟ್ಟಿ. ಒಂದು ಫೋಟೋದಲ್ಲಿ ಅಣಬೆಯ ತಲೆ ಮೇಲೆ, ಅದರ ಪಕ್ಕದ ಒಣ ಎಲೆಗಳ ಮೇಲೆ ಕೋಕೋ ಪುಡಿ ಉದುರಿಸಿದ ಹಾಗೆ ಕಂದು ಧೂಳಿದೆ. ಅದು ಮಣ್ಣಲ್ಲ, ಅಣಬೆಯ ಬೀಜಕಣ. ಈ ಗುಣಗಳೆಲ್ಲ ಕೂಡಿ ಬಂದರೆ ಅದು ಗ್ಯಾನೋಡರ್ಮಾ ಬಳಗದ ಅಣಬೆ. ಮನೆಯಲ್ಲೇ ಇನ್ನೊಂದು ಪರೀಕ್ಷೆ ಮಾಡಬಹುದು. ಎಳೆಯ ಅಣಬೆಯ ಅಡಿಭಾಗ ನೋಡಿ. ಅಲ್ಲಿ ಛತ್ರಿಯಂಥ ಗೆರೆ ಇರುವುದಿಲ್ಲ, ಸೂಜಿ ಚುಚ್ಚಿದಂಥ ಸಣ್ಣ ಸಣ್ಣ ರಂಧ್ರಗಳಿರುತ್ತವೆ. ಅದರ ಬಿಳಿ ಮೈ ಮೇಲೆ ಉಗುರಿನಿಂದ ಗೀರಿದರೆ ಗೀರು ಕಂದು ಬಣ್ಣಕ್ಕೆ ತಿರುಗುತ್ತದೆ.

ಹೆಸರಿನ ಬಗ್ಗೆ ಒಂದು ಮಾತು. ಗ್ರೀಕ್ ಭಾಷೆಯಲ್ಲಿ 'ಗ್ಯಾನೋಸ್' ಅಂದರೆ ಹೊಳಪು, 'ಡರ್ಮಾ' ಅಂದರೆ ಚರ್ಮ. ಹೊಳೆಯುವ ಚರ್ಮದ್ದು ಅಂತ ಅರ್ಥ. 1881ರಲ್ಲಿ ಫಿನ್ಲೆಂಡಿನ ಅಣಬೆ ವಿಜ್ಞಾನಿ ಕಾರ್ಸ್ಟನ್ ಇಟ್ಟ ಹೆಸರು ಇದು. ಗ್ಯಾನೋಡರ್ಮಾ ಲುಸಿಡಮ್ ಅಂತ ಎಲ್ಲರೂ ಕರೆಯುವ ಜಾತಿಯನ್ನು ಮೊದಲು ವರ್ಣಿಸಿದ್ದು 1781ರಲ್ಲಿ, ಇಂಗ್ಲೆಂಡಿನಲ್ಲಿ ಸಿಕ್ಕಿದ ಅಣಬೆ ನೋಡಿ. ಚೀನಾದವರು ಔಷಧಿಗೆ ಬಳಸುವುದು ಅದಲ್ಲ, ಬೇರೆ ಜಾತಿ ಅಂತ ಗೊತ್ತಾಗಿ 2012ರಲ್ಲಿ ಅದಕ್ಕೆ ಗ್ಯಾನೋಡರ್ಮಾ ಲಿಂಗ್‌ಝಿ ಅಂತ ಬೇರೆ ಹೆಸರಿಟ್ಟರು. ನಮ್ಮ ದೇಶದಲ್ಲಿ ಇದೇ ಬಳಗದ ಹಲವು ಜಾತಿಗಳು ಹುಣಸೆ, ಬೇವು, ಗುಲ್‌ಮೊಹರ್, ಜಾಲಿ, ತೆಂಗು, ಅಡಿಕೆಗಳ ಬುಡದಲ್ಲಿ ಬೆಳೆಯುತ್ತವೆ. ಅಡಿಕೆ ಬೆಳೆಯುವ ಕಡೆ ಇದರಿಂದ ಬರುವ ರೋಗಕ್ಕೆ 'ಅಣಬೆ ರೋಗ' ಅಂತಲೇ ಹೆಸರು. ಫೋಟೋ ನೋಡಿ ನಿಮ್ಮದು ಇಂಥದೇ ಜಾತಿ ಅಂತ ಬೆರಳಿಟ್ಟು ಹೇಳಲು ಆಗುವುದಿಲ್ಲ. ಗಿಡದ ಮಟ್ಟಿಗೆ ಅದು ಬೇಕಾಗಿಯೂ ಇಲ್ಲ. ಔಷಧಿ ವಿಷಯಕ್ಕೆ ಬಂದಾಗ ಬೇಕಾಗುತ್ತದೆ, ಅಲ್ಲಿ ಹೇಳುತ್ತೇನೆ.

ಈಗ ಕಾಕಾ ಹೇಳಿದ ಮಾತು. ಕಿತ್ತು ಹಾಕಿದರೆ ಮುಗಿಯುತ್ತಾ? ಇಲ್ಲ. ಹುಣಸೆಕಾಯಿ ಕೊಯ್ದರೆ ಹುಣಸೆ ಗಿಡ ಸಾಯುತ್ತದೆಯೇ? ಹಾಗೇ ಇದು. ಹೊರಗೆ ಕಾಣುವ ಅಣಬೆ ಬರೀ ಕಾಯಿ. ಅದರ ನಿಜವಾದ ಮೈ ಮರದ ಒಳಗಿದೆ, ಬಿಳಿ ನೂಲಿನಂಥ ಎಳೆಗಳಾಗಿ ಬೇರಿನಲ್ಲಿ, ಬುಡದ ಕಟ್ಟಿಗೆಯಲ್ಲಿ ಹರಡಿಕೊಂಡಿರುತ್ತದೆ. ಅದು ಒಳಗೆ ಎಷ್ಟೋ ವರ್ಷ ಉಂಡು ಬಲಿತ ಮೇಲೆ, ಮಳೆಗಾಲದ ತೇವ ಸಿಕ್ಕಾಗ ಹೊರಗೆ ಕಾಯಿ ಬಿಡುತ್ತದೆ. ಅಂದರೆ ಮೂರು ವರ್ಷದ ಹಿಂದೆ ನಿಮಗೆ ಮೊದಲ ಅಣಬೆ ಕಂಡಾಗಲೇ ಒಳಗಿನ ಕೆಲಸ ಬಹಳ ಮುಂದೆ ಹೋಗಿತ್ತು.

ಸೀಮೆಎಣ್ಣೆ, ಡೀಸೆಲ್, ಮೈಲುತುತ್ತ, ಆಸಿಡ್ ಯಾವುದನ್ನೂ ಸುರಿಯಬೇಡಿ. ಅವು ಒಳಗಿನ ಎಳೆಗಳನ್ನು ಮುಟ್ಟುವುದಿಲ್ಲ. ಮುಟ್ಟುವುದು ಜೀವಂತ ತೊಗಟೆಯನ್ನು, ಎಳೆ ಬೇರುಗಳನ್ನು. ಇನ್ನೂ ಗಟ್ಟಿಯಿರುವ ಭಾಗವನ್ನೂ ನೀವೇ ಕೈಯಾರೆ ಸಾಯಿಸಿದಂತಾಗುತ್ತದೆ. ಅಣಬೆಯನ್ನು ಕಿತ್ತರೆ ಹಾನಿಯಿಲ್ಲ, ಲಾಭವೂ ಇಲ್ಲ. ನನ್ನನ್ನು ಕೇಳಿದರೆ ಕೀಳಬೇಡಿ ಅನ್ನುತ್ತೇನೆ. ಅದು ಎಲ್ಲಿ ಏಳುತ್ತದೆ, ಎಷ್ಟು ಏಳುತ್ತದೆ ಅನ್ನುವುದೇ ಒಳಗಿನ ಸುದ್ದಿ. ಕಿತ್ತರೆ ಆ ಸುದ್ದಿ ನಿಮಗೆ ತಪ್ಪುತ್ತದೆ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಕಲಬುರಗಿಯಲ್ಲಿ ಒಂದು ಕಚೇರಿಯ ಆವರಣದಲ್ಲಿ ದೊಡ್ಡ ಬೇವಿನ ಗಿಡವೊಂದು ಬಿದ್ದಾಗ ನನ್ನನ್ನು ನೋಡಲು ಕರೆದಿದ್ದರು. ಸೆಪ್ಟೆಂಬರ್ ತಿಂಗಳು. ಬಿರುಗಾಳಿ ಇರಲಿಲ್ಲ. ಎರಡು ದಿನ ಸಣ್ಣಗೆ ಮಳೆ ಹಿಡಿದಿತ್ತು ಅಷ್ಟೇ. ಎಲೆ ತುಂಬಿದ ಗಿಡ, ಒಂದು ಕೊಂಬೆಯೂ ಒಣಗಿರಲಿಲ್ಲ. ಸಂಜೆ ಬೈಕುಗಳ ಮೇಲೆ ಹಾಗೇ ಮಲಗಿಬಿಟ್ಟಿತ್ತು. ಪುಣ್ಯಕ್ಕೆ ಯಾರೂ ಇರಲಿಲ್ಲ. ಮೇಲೆದ್ದ ಬುಡದ ಹತ್ತಿರ ಕೂತು ಒಂದು ಬೇರು ಹಿಡಿದೆ. ತೋಳಿನಷ್ಟು ದಪ್ಪದ ಬೇರು. ಬೆರಳಿನಿಂದ ಒತ್ತಿದರೆ ನೀರು ಜಿನುಗಿತು, ಎಳೆದರೆ ನೆನೆದ ಹತ್ತಿ ಬತ್ತಿಯಂತೆ ಎಳೆಯೆಳೆಯಾಗಿ ಬಂತು. ಅಲ್ಲಿದ್ದ ಕಾವಲುಗಾರರು ಹೇಳಿದರು, "ಪ್ರತಿ ವರ್ಷ ಇಲ್ಲಿ ಕೆಂಪು ನಾಯಿಕೊಡೆ ಏಳ್ತಿತ್ರಿ ಸರ್. ನಾನೇ ಕಸದ ಜೊತೆ ಗುಡಿಸಿ ಒಗೀತಿದ್ದೆ." ಅವರ ತಪ್ಪೇನೂ ಇಲ್ಲ. ಅದು ಏನು ಹೇಳುತ್ತಿದೆ ಅಂತ ಅವರಿಗೆ ಯಾರೂ ಹೇಳಿರಲಿಲ್ಲ.

ಗಿಡ ಹಚ್ಚಗಿದ್ದರೂ ಒಳಗೆ ಹೀಗಾಗುವುದು ಹೇಗೆ? ನಿಮ್ಮ ಊರಿನ ಹಳೆ ಮಣ್ಣಿನ ಗೋಡೆ ನೆನೆಸಿಕೊಳ್ಳಿ. ಮಣ್ಣಿಗೆ ಹುಲ್ಲು, ಹೊಟ್ಟು ಕಲಸಿ ಕಟ್ಟುತ್ತಾರೆ. ಹುಲ್ಲು ಎಳೆ ಹಿಡಿದಿಡುತ್ತದೆ, ಮಣ್ಣು ಅದನ್ನು ಬಿಗಿ ಮಾಡುತ್ತದೆ. ಕಟ್ಟಿಗೆಯೂ ಹಾಗೇ. ಅದರಲ್ಲಿ ಸೆಲ್ಯುಲೋಸ್ ಅನ್ನುವ ಎಳೆ ಇದೆ, ಅದನ್ನು ಬಿಗಿ ಮಾಡುವ ಲಿಗ್ನಿನ್ ಇದೆ. ಲಿಗ್ನಿನ್ ಅನ್ನು ಅರಗಿಸಿಕೊಳ್ಳುವ ಶಕ್ತಿ ಭೂಮಿ ಮೇಲೆ ಬಹಳ ಕಡಿಮೆ ಜೀವಿಗಳಿಗಿದೆ. ಗ್ಯಾನೋಡರ್ಮಾ ಅವುಗಳಲ್ಲಿ ಒಂದು. ಅದು ಲಿಗ್ನಿನ್ ತಿನ್ನುತ್ತದೆ, ಜೊತೆಗೆ ಸೆಲ್ಯುಲೋಸನ್ನೂ ತಿನ್ನುತ್ತದೆ. ಉಳಿಯುವುದು ಬಿಳಿಚಿದ, ಸ್ಪಂಜಿನಂಥ, ನಾರುನಾರಾದ ಕಟ್ಟಿಗೆ. ಅದಕ್ಕೇ ಇದನ್ನು ಬಿಳಿ ಕೊಳೆ ಅನ್ನುತ್ತೇವೆ. ಎಲೆಗೆ ನೀರು ಏರುವುದು ಮಾತ್ರ ಹೊರಗಿನ ಎಳೆಯ ಕಟ್ಟಿಗೆಯಲ್ಲಿ. ನಡುವಿನ ಚೇಗು ಗಿಡವನ್ನು ನಿಲ್ಲಿಸಿಡುವ ಕಂಬ ಇದ್ದ ಹಾಗೆ. ಚೇಗು ಹೋದರೂ ನೀರು ಏರುತ್ತದೆ, ಎಲೆ ಚಿಗುರುತ್ತದೆ, ಕಾಯಿ ಬಿಡುತ್ತದೆ. ಗಾಣಕ್ಕೂ ಒನಕೆಗೂ ಹುಡುಕಿ ತರುತ್ತಿದ್ದ ಗಟ್ಟಿ ಹುಣಸೆ ಚೇಗನ್ನೂ ಇದು ಬಿಡುವುದಿಲ್ಲ. ಹಾಗಾಗಿ ಹೋದ ವರ್ಷದ ಫಸಲು ಗಿಡದ ಬಲಕ್ಕೆ ಸಾಕ್ಷಿಯಲ್ಲ.

ಎಲ್ಲ ಮರದ ಅಣಬೆಯೂ ಹೀಗೆ ಅಂದುಕೊಂಡು ಊರೆಲ್ಲ ಹೆದರಬೇಡಿ. ಒಣ ಕೊಂಬೆ, ಬಿದ್ದ ಕಟ್ಟಿಗೆ ಮೇಲೆ ಬೀಸಣಿಗೆಯಂಥ ಬಿಳಿ ಬೂದು ಅಣಬೆ ಸಾಲುಸಾಲಾಗಿ ಕೂತಿರುತ್ತದೆ. ಅಡಿಯಲ್ಲಿ ಸೀಳಿದಂಥ ಗೆರೆಗಳಿರುತ್ತವೆ. ಬೇಸಿಗೆಯಲ್ಲಿ ಚುರುಟಿಕೊಂಡು, ಮೊದಲ ಮಳೆಗೆ ಮತ್ತೆ ಅರಳುತ್ತದೆ. ಅದು ಹೆಚ್ಚಾಗಿ ಸತ್ತ ಕಟ್ಟಿಗೆಯನ್ನು ಮಣ್ಣು ಮಾಡುವುದು. ಕೊಳೆತ ದಿಮ್ಮಿಯ ಮೇಲಿನ ಮೆತ್ತಗಿನ ಕಿವಿ ಅಣಬೆಯೂ ಅಷ್ಟೇ. ಜೀವಂತ ಗಿಡದ ಬುಡದಲ್ಲಿ, ನೆಲಕ್ಕೆ ಹತ್ತಿ ಏಳುವುದಕ್ಕೆ ಮಾತ್ರ ಬೇರೆಯೇ ಅರ್ಥ.

ಇದು ನಿಮ್ಮ ಗಿಡಕ್ಕೆ ಹೇಗೆ ಬಂತು? ಗಾಳಿಯಲ್ಲಿ ಇದರ ಬೀಜಕಣ ಯಾವಾಗಲೂ ಇರುತ್ತದೆ. ಒಂದೊಂದು ಅಣಬೆ ಕೋಟಿಗಟ್ಟಲೆ ಉದುರಿಸುತ್ತದೆ. ಆದರೆ ಗಟ್ಟಿ ತೊಗಟೆ ಇರುವ ಗಿಡಕ್ಕೆ ಅದು ಏನೂ ಮಾಡಲಾರದು. ಅದಕ್ಕೆ ಬಾಗಿಲು ಬೇಕು. ನಿಮ್ಮ ಪತ್ರದಲ್ಲಿ ಎರಡು ಬಾಗಿಲು ಕಾಣುತ್ತವೆ.

ಒಂದು, ಜೆಸಿಬಿ. ಕೊಡಲಿಯಿಂದ ಕಡಿದ ಬೇರಿಗೂ ಜೆಸಿಬಿ ಕಿತ್ತ ಬೇರಿಗೂ ಬಹಳ ವ್ಯತ್ಯಾಸವಿದೆ. ಬಕೆಟ್ಟು ಬೇರನ್ನು ಕತ್ತರಿಸುವುದಿಲ್ಲ, ಹಿಡಿದು ಎಳೆಯುತ್ತದೆ. ಬೇರು ಬುಡದ ತನಕ ಸೀಳುತ್ತದೆ, ಮೇಲಿನ ಸಿಪ್ಪೆ ಸುಲಿಯುತ್ತದೆ. ಆಮೇಲೆ ಮಣ್ಣು ಮುಚ್ಚಿಬಿಡುತ್ತೇವೆ, ಒಳಗೆ ತೇವದಲ್ಲಿ ತೆರೆದ ಗಾಯ ಹಾಗೇ ಇರುತ್ತದೆ. ನಿಮ್ಮ ಐದೂ ಅಣಬೆ ಮೂಡಣ ಕಡೆಯೇ ಇವೆ, ತಗ್ಗು ತೋಡಿದ ಕಡೆಯೇ. ಆದರೆ ತೋಡಿ ಐದೇ ವರ್ಷ ಆಗಿದೆ. ಇಷ್ಟು ದೊಡ್ಡ ಗಿಡದಲ್ಲಿ ಎರಡು ವರ್ಷಕ್ಕೇ ಅಣಬೆ ಕಂಡಿದೆ ಅಂದರೆ ಒಳಗೆ ಕೊಳೆ ಅದಕ್ಕಿಂತ ಮೊದಲೇ ಸಣ್ಣಗೆ ಇದ್ದಿರಬೇಕು, ಜೆಸಿಬಿ ಅದಕ್ಕೆ ದಾರಿ ಅಗಲ ಮಾಡಿತು ಅಂತ ನನ್ನ ಅಂದಾಜು.

ಆ ಮೊದಲ ದಾರಿ ಕಟ್ಟೆ ಇರಬಹುದು. ಕಟ್ಟೆ ಕಟ್ಟಿದ್ದು ಪ್ರೀತಿಯಿಂದಲೇ, ಅದು ನನಗೆ ಗೊತ್ತು. ನಮ್ಮ ಭಾಗದಲ್ಲಿ ಗಿಡಕ್ಕೆ ಮರ್ಯಾದೆ ಕೊಡುವುದು ಅಂದರೆ ಕಟ್ಟೆ ಕಟ್ಟುವುದು. ಹಳೆಯ ಕಟ್ಟೆಗಳು ಕಲ್ಲು ಮಣ್ಣಿನವು. ಸಂದಿಯಲ್ಲಿ ಗಾಳಿ ಆಡುತ್ತಿತ್ತು, ನೀರು ಇಳಿಯುತ್ತಿತ್ತು. ಈಗ ಬುಡಕ್ಕೆ ಒತ್ತಿ ಮಣ್ಣು ತುಂಬಿ, ಮೇಲೆ ಕಾಂಕ್ರೀಟ್ ಹಾಕಿ, ಶಹಾಬಾದ್ ಫರಸಿ ಕೂರಿಸುತ್ತೇವೆ. ಕಾಂಡ ನೆಲಕ್ಕೆ ಇಳಿದು ಬೇರಾಗಿ ಅಗಲಗೊಳ್ಳುವ ಜಾಗ ಗಾಳಿಯಲ್ಲೇ ಇರಬೇಕಾದದ್ದು. ಅದು ಮಣ್ಣಲ್ಲಿ ಹೂತರೆ ತೊಗಟೆ ಮೆತ್ತಗಾಗಿ ಕೊಳೆಯುತ್ತದೆ. ಕಾಂಡ ದಪ್ಪವಾಗುತ್ತಾ ಹೋದ ಹಾಗೆ ಸಿಮೆಂಟಿನ ಅಂಚು ಅದನ್ನೇ ಕೊಯ್ಯುತ್ತದೆ. ಇದರ ಜೊತೆಗೆ ನಿಮ್ಮದು ಎರೆ ಮಣ್ಣು. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿದು ಸಣ್ಣ ಬೇರುಗಳನ್ನು ಹರಿಯುತ್ತದೆ, ಮಳೆಗಾಲದಲ್ಲಿ ಉಬ್ಬಿ ಲೊಳಲೊಳ ಆಗಿ ಹಿಡಿತ ಬಿಡುತ್ತದೆ. ಬುಡದಲ್ಲಿ ಕಸ ಸುಡುವುದು, ಜಾನುವಾರು ಕಟ್ಟಿ ಸರಪಳಿಯಿಂದ ತೊಗಟೆ ಸವೆಸುವುದು, ಇವೂ ಬಾಗಿಲುಗಳೇ. ನಿಮ್ಮಲ್ಲಿ ಅವು ನಡೆದಿವೆಯಾ ಅಂತ ಒಮ್ಮೆ ಹಿರಿಯರನ್ನು ಕೇಳಿ.

ತೊಗರಿಗೆ ಬರೋಣ. ಅದು ಬೇರೆ ರೋಗ. ಇಡೀ ಜಿಲ್ಲೆಗೆ ಗೊತ್ತಿರುವ ನೆಟೆ ರೋಗವೇ ಇರಬೇಕು. ಅದನ್ನು ತರುವುದು ಮಣ್ಣಿನಲ್ಲಿರುವ ಫ್ಯುಸೇರಿಯಮ್ ಉಡಮ್ ಅನ್ನುವ ಶಿಲೀಂಧ್ರ. ಅದಕ್ಕೂ ಹುಣಸೆಯ ಅಣಬೆಗೂ ಸಂಬಂಧವಿಲ್ಲ. ಒಣಗುತ್ತಿರುವ ಒಂದು ತೊಗರಿ ಗಿಡ ಕಿತ್ತು, ಬುಡದಿಂದ ಮೇಲಕ್ಕೆ ಕಾಂಡ ಸೀಳಿ ನೋಡಿ. ಒಳಗೆ ಕಂದು ಕಪ್ಪು ಗೆರೆ ಉದ್ದಕ್ಕೆ ಓಡಿದ್ದರೆ ನೆಟೆ. ಅದಕ್ಕೆ ಮದ್ದು ಗಿಡ ಕಡಿಯುವುದಲ್ಲ. ಬೆಳೆ ಬದಲಾಯಿಸಿ, ಬೀಜಕ್ಕೆ ಟ್ರೈಕೋಡರ್ಮಾ (ರೋಗದ ಶಿಲೀಂಧ್ರವನ್ನು ತಡೆಯುವ ಒಳ್ಳೆಯ ಶಿಲೀಂಧ್ರ) ಲೇಪಿಸಿ, ಮುಂದಿನ ಸಲ ಟಿಎಸ್-3ಆರ್ ಅಥವಾ ಜಿಆರ್‌ಜಿ-811ರಂಥ ನೆಟೆ ತಡೆಯುವ ತಳಿ ಹಾಕಿ. ಕಲಬುರಗಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿದರೆ ಬೀಜ ಎಲ್ಲಿ ಸಿಗುತ್ತದೆ ಅಂತ ಹೇಳುತ್ತಾರೆ. ಹುಣಸೆ ನೆರಳಿಗೆ ತೀರಾ ಹತ್ತಿರದ ನಾಲ್ಕು ಸಾಲು ಮಾತ್ರ ಬಡಕಲಾಗಿದ್ದರೆ ಅದು ನೆರಳು ಮತ್ತು ಬೇರಿನ ಪೈಪೋಟಿ, ರೋಗವೇ ಅಲ್ಲ.

ವಾಟ್ಸಾಪಿನವನಿಗೆ ದುಡ್ಡು ಕಳಿಸಬೇಡಿ. ಕೆಜಿಗೆ ಲಕ್ಷಗಟ್ಟಲೆ ಬಾಳುವ ಶಿಲೀಂಧ್ರ ಒಂದಿದೆ, ನಿಜ. ಅದು ಹಿಮಾಲಯದ ಎತ್ತರದ ಹುಲ್ಲುಗಾವಲಲ್ಲಿ ಹುಳುವಿನ ಮೈಯಿಂದ ಏಳುವ ಕೀಡಾಜಡಿ. ಅದರ ಬೆಲೆಯನ್ನು ಇದಕ್ಕೆ ಅಂಟಿಸಿ ಹೇಳುತ್ತಾರೆ. ಗ್ಯಾನೋಡರ್ಮಾವನ್ನು ಔಷಧಿ ಕಂಪನಿಗಳಿಗಾಗಿ ಮರದ ದಿಮ್ಮಿ, ಮರದ ಪುಡಿ ಚೀಲಗಳಲ್ಲಿ ಬೆಳೆಸುತ್ತಾರೆ. ಯಾವ ಜಾತಿ ಅಂತ ಗೊತ್ತಿಲ್ಲದ, ರಸ್ತೆ ಬದಿಯ ಗಿಡದಿಂದ ಕಿತ್ತ ಐದು ಅಣಬೆಗೆ ಲಕ್ಷ ಕೊಡುವವರು ಇಲ್ಲ. ಮಾರುವವನ ಹತ್ತಿರವೇ ಮೊದಲು ದುಡ್ಡು ಕೇಳುವ ಕೊಳ್ಳುವವ ಎಲ್ಲಿದ್ದಾನೆ ಹೇಳಿ? ಈಗಾಗಲೇ ಕಳಿಸಿದ್ದರೆ ಕೂಡಲೇ 1930 ನಂಬರಿಗೆ ಫೋನ್ ಮಾಡಿ ದೂರು ಕೊಡಿ.

ಅವ್ವನ ವಿಷಯದಲ್ಲಿ ನಾನು ವೈದ್ಯನಲ್ಲ. ಆದರೆ ಈ ಅಣಬೆಯ ಬಗ್ಗೆ ಗೊತ್ತಿರುವುದನ್ನು ಹೇಳದೆ ಇರಲಾರೆ. ಚೀನಾ, ಜಪಾನುಗಳಲ್ಲಿ ಇದರ ಬಳಗದ ಅಣಬೆಗೆ ಬಹಳ ಹಳೆಯ ಹೆಸರಿದೆ. ಹಾಗಂತ ಸಕ್ಕರೆ ಕಾಯಿಲೆಗೆ ಇದು ಕೆಲಸ ಮಾಡುತ್ತದೆಯೇ? 2015ರಲ್ಲಿ, ವೈದ್ಯಕೀಯ ಪ್ರಯೋಗಗಳನ್ನು ಪರಿಶೀಲಿಸುವ ಕಾಕ್ರೇನ್ ಸಂಸ್ಥೆ ಆವರೆಗಿನ ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿತು. 5 ಪ್ರಯೋಗ, 398 ಜನ. ಸಕ್ಕರೆ ಕಾಯಿಲೆಯವರಲ್ಲಿ ಹೃದಯಕ್ಕೆ ಅಪಾಯ ತರುವ ಅಂಶಗಳನ್ನು ಇಳಿಸಲು ಇದನ್ನು ಬಳಸಿ ಅನ್ನುವುದಕ್ಕೆ ಆಧಾರ ಸಿಗಲಿಲ್ಲ. ಅದೂ ಜಾತಿ ಗುರುತಿಸಿ, ಅಳತೆ ಮಾಡಿ ಕೊಟ್ಟ ಔಷಧಿ. ನಿಮ್ಮದು ಕಾಡು ಅಣಬೆ. ಕಾಡು ಅಣಬೆಗಳು ಬೆಳೆಯುವ ಜಾಗದಿಂದ ಭಾರ ಲೋಹಗಳನ್ನು ಹೀರಿಕೊಳ್ಳಬಲ್ಲವು. ಇದರ ಪುಡಿ ಸೇವಿಸಿದವರ ಯಕೃತ್ತಿಗೆ ಪೆಟ್ಟು ಬಿದ್ದ ಪ್ರಕರಣಗಳು ಹಾಂಗ್‌ಕಾಂಗ್, ಥಾಯ್ಲೆಂಡ್‌ಗಳಲ್ಲಿ ದಾಖಲಾಗಿವೆ. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರಿಗೆ ರಕ್ತಸ್ರಾವದ ಭಯ ಹೆಚ್ಚು. ಸಕ್ಕರೆ ಕಾಯಿಲೆಯ ಮಾತ್ರೆಯ ಜೊತೆ ಕುಡಿದರೆ ಸಕ್ಕರೆ ತೀರಾ ಕೆಳಗೆ ಇಳಿಯಲೂಬಹುದು. ಅವ್ವನಿಗೆ ಕುಡಿಸಬೇಡಿ. ಪಕ್ಕದ ಮನೆಯವರು ಒಳ್ಳೆಯ ಮನಸ್ಸಿನಿಂದಲೇ ಹೇಳಿರುತ್ತಾರೆ, ಅವರಿಗೂ ಇದನ್ನು ತಿಳಿಸಿ. ಮನೆಯಲ್ಲಿ ಉಬ್ಬಸ ಇರುವವರಿದ್ದರೆ ಆ ಕಂದು ಧೂಳಿನ ಹತ್ತಿರ ಹೋಗಿ ಗುಡಿಸುವುದು ಬೇಡ. ಅಣಬೆ ತಿನ್ನುವ ಆಸೆಯಿದ್ದರೆ ಜೋಳದ ಕಣಿಕೆ ಕತ್ತರಿಸಿ ಸಿಂಪಿ ಅಣಬೆ ಬೆಳೆಯಬಹುದು.

ಇನ್ನು ನಿಜವಾದ ಪ್ರಶ್ನೆ. ಕಡೀಬೇಕಾ, ಬೇಡವಾ?

ಅಣಬೆ ಎಷ್ಟಿದೆ ಅನ್ನುವುದರ ಮೇಲೆ ಅದನ್ನು ತೀರ್ಮಾನಿಸುವುದಿಲ್ಲ. ಗಟ್ಟಿ ಕಟ್ಟಿಗೆ ಎಷ್ಟು ಉಳಿದಿದೆ, ಬಿದ್ದರೆ ಯಾರ ಮೇಲೆ ಬೀಳುತ್ತದೆ, ಇವೆರಡೇ. ಮೊದಲನೆಯದನ್ನು ನೀವೇ ಸ್ವಲ್ಪ ಮಟ್ಟಿಗೆ ನೋಡಬಹುದು. ಗಾಳಿ ಇಲ್ಲದ ಒಣ ದಿನ ಒಂದು ಮರದ ಕೊಡತಿ ತಗೊಳ್ಳಿ. ಬುಡದಿಂದ ಎದೆ ಎತ್ತರದ ತನಕ, ಸುತ್ತಲೂ ಒಂದೊಂದು ಗೇಣಿಗೆ ಬಡಿಯುತ್ತಾ ಹೋಗಿ. ಮೊದಲು ಪಡುವಣ ಕಡೆ ಬಡಿದು ಕಿವಿಗೆ ಗಟ್ಟಿ ಕಟ್ಟಿಗೆಯ ಸದ್ದು ರೂಢಿ ಮಾಡಿಕೊಳ್ಳಿ. ಅದು ಟಕ್ ಟಕ್ ಅಂತ ಚುರುಕಾಗಿರುತ್ತದೆ, ಕೈಗೆ ಹೊಡೆತ ವಾಪಸ್ ಬರುತ್ತದೆ. ಟೊಳ್ಳಿರುವ ಕಡೆ ಡೊಬ್ ಅಂತ ಖಾಲಿ ಡಬ್ಬದ ಸದ್ದು. ಮೆತ್ತಗಿರುವ ಕಡೆ ಸದ್ದೇ ಸತ್ತು ಹೋಗುತ್ತದೆ. ಸದ್ದು ಬದಲಾದ ಜಾಗಕ್ಕೆಲ್ಲ ಸುಣ್ಣದಿಂದ ಗುರುತು ಹಾಕಿ. ಕೊನೆಗೆ ದೂರ ನಿಂತು ನೋಡಿದರೆ ಒಳಗಿನ ನಕ್ಷೆ ಹೊರಗೆ ಬಂದಿರುತ್ತದೆ.

ಕಾಂಡ ಟೊಳ್ಳಾದ ಮಾತ್ರಕ್ಕೆ ಗಿಡ ಬೀಳಬೇಕೆಂದೇನಿಲ್ಲ. ಕೊಳವೆಯಂತೆ ನಿಂತ ಎಷ್ಟೋ ಹಳೆ ಹುಣಸೆಗಳನ್ನು ನೀವೂ ನೋಡಿರುತ್ತೀರಿ. ಗಟ್ಟಿ ಗೋಡೆಯ ದಪ್ಪ ಕಾಂಡದ ತ್ರಿಜ್ಯದ ಶೇಕಡ 30ಕ್ಕಿಂತ ಕಡಿಮೆಯಾದರೆ ಅಪಾಯ ಜಾಸ್ತಿ ಅನ್ನುವುದು ಮರ ಪರೀಕ್ಷಿಸುವವರ ಒಂದು ಅಂದಾಜು. ನಿಮ್ಮ 11 ಅಡಿ ಸುತ್ತಳತೆಗೆ ತ್ರಿಜ್ಯ ಸುಮಾರು 21 ಇಂಚು. ಅಂದರೆ ಸುತ್ತಲೂ ಆರು ಇಂಚಿನ ಮೇಲೆ ಗಟ್ಟಿ ಕಟ್ಟಿಗೆ ಬೇಕು. ಆದರೆ ಈ ಲೆಕ್ಕ ಕಾಂಡಕ್ಕೆ. ಬೇರು ಹೋಗಿದ್ದರೆ ಗೋಡೆ ಎಷ್ಟೇ ದಪ್ಪವಿದ್ದರೂ ಗಿಡ ಬುಡಸಮೇತ ಏಳುತ್ತದೆ, ಆ ಬೇವಿನ ಹಾಗೆ. ಹಾಗಾಗಿ ನೆಲ ನೋಡಿ. ಗಿಡ ಇತ್ತೀಚೆಗೆ ಒಂದು ಕಡೆ ವಾಲಿದೆಯಾ? ವಾಲಿದ್ದರ ಎದುರು ಕಡೆ ಮಣ್ಣು ಉಬ್ಬಿದೆಯಾ, ಕಟ್ಟೆ ಬಿರುಕು ಬಿಟ್ಟಿದೆಯಾ? ಗಾಳಿ ಬೀಸುವಾಗ ದೂರ ನಿಂತು ನೋಡಿ, ಬುಡದ ಮಣ್ಣು ಉಸಿರಾಡಿದ ಹಾಗೆ ಮೇಲೆ ಕೆಳಗೆ ಆಗುತ್ತದೆಯಾ? ಇವುಗಳಲ್ಲಿ ಒಂದು ಕಂಡರೂ ಇನ್ನು ಪರೀಕ್ಷೆ ಬೇಡ, ಗಿಡ ಇಳಿಸುವುದೇ ದಾರಿ.

ಬೈರಿಗೆ ಹಾಕಿ ತೂತು ಕೊರೆದು ನೋಡುವ ಆಸೆ ಬರುತ್ತದೆ. ಬೇಡ. ಅಮೆರಿಕದ ಅರಣ್ಯ ಇಲಾಖೆಯಲ್ಲಿದ್ದ ಅಲೆಕ್ಸ್ ಶಿಗೋ ಸಾವಿರಾರು ಮರಗಳನ್ನು ಸೀಳಿ ನೋಡಿ 1977ರಲ್ಲಿ ಒಂದು ವಿಷಯ ವಿವರಿಸಿದರು. ನಮ್ಮ ಚರ್ಮದಂತೆ ಮರದ ಗಾಯ ಮಾಯುವುದಿಲ್ಲ. ಮರ ಕೊಳೆತ ಭಾಗದ ಸುತ್ತ ಒಳಗೇ ಗೋಡೆ ಕಟ್ಟಿ, ಅದನ್ನು ಅಲ್ಲಿಗೇ ಬಿಟ್ಟು ಮುಂದೆ ಹೊಸ ಕಟ್ಟಿಗೆ ಬೆಳೆಸುತ್ತದೆ. ನಾವು ತೂತು ಕೊರೆದರೆ, ಪೊಟರೆಯನ್ನು ಗಟ್ಟಿಯಾಗುವ ತನಕ ಕೆರೆದರೆ, ಗಿಡ ಇಷ್ಟು ವರ್ಷ ಕಟ್ಟಿದ ಗೋಡೆಯನ್ನೇ ಒಡೆದಂತೆ. ಪೊಟರೆಗೆ ಸಿಮೆಂಟ್ ತುಂಬುವುದೂ ತಪ್ಪು. ಗಾಳಿಗೆ ಗಿಡ ಆಡುತ್ತದೆ, ಸಿಮೆಂಟ್ ಆಡುವುದಿಲ್ಲ, ಒಳಗೇ ತಿಕ್ಕುತ್ತದೆ, ನೀರು ಹಿಡಿದಿಡುತ್ತದೆ.

ಔಷಧಿಯಿಂದ ವಾಸಿಯಾಗುತ್ತಾ ಅಂತ ಕೇಳಿದರೆ, ಇಷ್ಟು ಮುಂದುವರಿದ ಹುಣಸೆಗೆ ವಾಸಿ ಮಾಡುವ ಔಷಧಿ ಇಲ್ಲ. ತೆಂಗಿಗೆ ಬೇವಿನ ಹಿಂಡಿ, ಟ್ರೈಕೋಡರ್ಮಾ, ಬೇರಿನ ಮೂಲಕ ಶಿಲೀಂಧ್ರನಾಶಕ ಕೊಡುತ್ತಾರೆ. ಅದೂ ರೋಗ ಶುರುವಾದಾಗ ತಡೆಯಲು. ನಿಮ್ಮ ಗಿಡದ ಬುಡಕ್ಕೆ ಟ್ರೈಕೋಡರ್ಮಾ ಬೆರೆಸಿದ ಕೊಟ್ಟಿಗೆ ಗೊಬ್ಬರ ಹಾಕಿದರೆ ಒಳ್ಳೆಯ ಬೇರುಗಳಿಗೆ ಸ್ವಲ್ಪ ಬಲ ಬಂದೀತು. ಕೊಳೆತದ್ದು ಮತ್ತೆ ಕಟ್ಟಿಗೆಯಾಗುವುದಿಲ್ಲ. ಇದಕ್ಕೆ ಸಾವಿರಾರು ರೂಪಾಯಿಯ ಇಂಜೆಕ್ಷನ್ ಮಾಡುತ್ತೇವೆ ಅಂತ ಬರುವವರನ್ನು ವಾಪಸ್ ಕಳಿಸಿ.

ಹಾಗಾದರೆ ಉಳಿದ ದಾರಿಗಳು. ಕೊಡತಿಯ ಸದ್ದು ಮೂಡಣ ಕಡೆ ಮಾತ್ರ ಕೆಟ್ಟಿದ್ದು, ಸುತ್ತಳತೆಯ ಮೂರನೇ ಎರಡು ಭಾಗ ಗಟ್ಟಿ ಕೇಳಿಸಿ, ನೆಲದಲ್ಲಿ ಯಾವ ಬಿರುಕೂ ಇಲ್ಲದಿದ್ದರೆ, ಗಿಡವನ್ನು ಸದ್ಯಕ್ಕೆ ಉಳಿಸಲು ನೋಡಬಹುದು ಅಂತ ನನ್ನ ಅಭಿಪ್ರಾಯ. ಕಟ್ಟೆಯ ಸಿಮೆಂಟನ್ನು ಕೈಯಿಂದ, ಸುತ್ತಿಗೆ ಉಳಿಯಿಂದ ತೆಗೆಸಿ. ಬುಡಕ್ಕೆ ಒತ್ತಿದ ಮಣ್ಣು ಸರಿಸಿ, ಬೇರು ಅಗಲವಾಗುವ ಜಾಗ ಗಾಳಿಗೆ ಬರಲಿ. ಜೆಸಿಬಿ ಬೇಡವೇ ಬೇಡ. ಮಣ್ಣು ಸರಿಸಿದಾಗ ಬೇರಿನ ನಿಜ ಸ್ಥಿತಿ ಕಣ್ಣಿಗೇ ಕಾಣುತ್ತದೆ, ಅದೂ ಒಂದು ಲಾಭ. ಆಮೇಲೆ ಕಾಯಿ ಕೊಯ್ದಾದ ಮೇಲೆ, ಏಪ್ರಿಲ್ ಮೇ ಗಾಳಿ ಮಳೆ ಶುರುವಾಗುವ ಮೊದಲು, ಕೊಂಬೆಗಳ ತುದಿಭಾರ ಇಳಿಸಿ. ನಾಲ್ಕನೇ ಒಂದು ಭಾಗಕ್ಕಿಂತ ಹೆಚ್ಚು ಬೇಡ. ತಲೆ ಬೋಳಿಸಿದರೆ ಗಿಡಕ್ಕೆ ಊಟವೇ ಇಲ್ಲದಂತಾಗಿ ಒಳಗಿನ ಗೋಡೆ ಕಟ್ಟುವ ಶಕ್ತಿ ಹೋಗುತ್ತದೆ. ಕಡಿದ ಬಾಯಿಗೆ ಬೋರ್ಡೋ ಪೇಸ್ಟ್ (ಮೈಲುತುತ್ತ, ಸುಣ್ಣ ಕಲಸಿದ ಲೇಪ) ಹಚ್ಚುವುದು ನಮ್ಮಲ್ಲಿ ರೂಢಿ. ಹಚ್ಚಿದರೆ ಹಾನಿಯಿಲ್ಲ, ಆದರೆ ಬುಡದ ಕೊಳೆಗೆ ಅದರಿಂದ ಏನೂ ಆಗದು. ಗಿಡದ ಎತ್ತರದಷ್ಟು ಸುತ್ತ ಬೇಲಿ ಹಾಕಿ ಅನ್ನುತ್ತಿದ್ದೆ, ರಸ್ತೆ ಇರುವುದರಿಂದ ಅದು ಆಗದ ಮಾತು. ಈ ದಾರಿಯ ದೊಡ್ಡ ಕುಂದು ಅದೇ. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಕೊಡತಿ ಹಿಡಿದು ಸುತ್ತು ಬರಲೇಬೇಕು. ಒಂದು ವರ್ಷ ಮರೆತರೆ ಈ ದಾರಿ ಹಿಡಿದದ್ದೇ ತಪ್ಪಾಗುತ್ತದೆ.

ಸದ್ದು ಅರ್ಧಕ್ಕಿಂತ ಹೆಚ್ಚು ಸುತ್ತ ಕೆಟ್ಟಿದ್ದರೆ, ಅಥವಾ ಮಣ್ಣು ಸರಿಸಿದಾಗ ಎರಡು ದೊಡ್ಡ ಬೇರು ಕೈಗೆ ಮೆತ್ತಗೆ ಸಿಕ್ಕರೆ, ಇಳಿಸಿಬಿಡಿ. ಹೊಲದ ನಡುವೆ ಇದ್ದಿದ್ದರೆ ಅದು ತಾನಾಗಿ ಬೀಳುವ ತನಕ ಇರಲಿ ಅನ್ನುತ್ತಿದ್ದೆ. ಮನೆ ಮುಂದೆ, ರಸ್ತೆ ಪಕ್ಕ, ಮಕ್ಕಳು ಓಡಾಡುವ ಕಡೆ ಹಾಗೆ ಹೇಳಲು ನನಗೆ ಧೈರ್ಯವಿಲ್ಲ. ಕಡಿಯುವ ಮೊದಲು ಅರಣ್ಯ ಇಲಾಖೆಯ ವಲಯ ಕಚೇರಿಗೆ ಹೋಗಿ. ಸ್ವಂತ ಜಾಗದ ಗಿಡಕ್ಕೂ ಕರ್ನಾಟಕ ವೃಕ್ಷ ಸಂರಕ್ಷಣೆ ಕಾಯ್ದೆ, 1976 ಅನ್ವಯಿಸುತ್ತದೆ. ಗಿಡ ರಸ್ತೆಯ ಗಡಿಯೊಳಗೆ ಬಂದಿದ್ದರೆ ಪಂಚಾಯಿತಿಯನ್ನೂ ಕೇಳಬೇಕಾದೀತು. ಅಣಬೆಯ ಫೋಟೋ, ಸುಣ್ಣದ ಗುರುತಿನ ಫೋಟೋ ಅರ್ಜಿಗೆ ಲಗತ್ತಿಸಿ. ಕಡಿಯುವವರಿಗೆ ಒಳಗೆ ಕೊಳೆತಿದೆ ಅಂತ ಮೊದಲೇ ಹೇಳಿ. ಹಗ್ಗ ಕಟ್ಟಿ ಮೇಲಿನಿಂದ ತುಂಡು ತುಂಡಾಗಿ ಇಳಿಸಬೇಕು. ಟೊಳ್ಳು ಗಿಡ ಎತ್ತ ಬೀಳುತ್ತದೆ ಅಂತ ಯಾರೂ ಹೇಳಲಾರರು.

ಬುಡದ ಕೊರಡಲ್ಲಿ, ಬೇರಲ್ಲಿ ಅಣಬೆ ಇನ್ನೂ ಹಲವು ವರ್ಷ ಏಳಬಹುದು. ಆದ್ದರಿಂದ ಅದೇ ಗುಂಡಿಯಲ್ಲಿ ಹೊಸ ಗಿಡ ಹಚ್ಚಬೇಡಿ. ಆಗುವಷ್ಟು ಬೇರು ತೆಗೆಸಿ, ಹೊಸದನ್ನು ಮೂವತ್ತು ನಲವತ್ತು ಅಡಿ ದೂರ ಹಚ್ಚಿ.

ಹೊಸದು ಅಂದೆ, ಆದರೆ ಅವ್ವನಿಗೆ ಹೇಳಬೇಕಾದದ್ದು ಬೇರೆ. ಈ ರೋಗ ಇರುವುದು ಬೇರು, ಬುಡದಲ್ಲಿ. ತುದಿಯ ಕಡ್ಡಿಗಳಲ್ಲಿ ಅದಿಲ್ಲ. ಗಿಡ ಉಳಿಯಲಿ, ಹೋಗಲಿ, ಈ ವರ್ಷವೇ ಒಂದು ಕೆಲಸ ಮಾಡಿಸಿ. ಹತ್ತಿರದ ತೋಟಗಾರಿಕೆ ಇಲಾಖೆಯ ನರ್ಸರಿಯಲ್ಲಿ ಕಸಿ ಕಟ್ಟುವವರನ್ನು ಕೇಳಿ, ಯಾವ ತಿಂಗಳು ಕಡ್ಡಿ ತರಬೇಕು ಅಂತ ಅವರೇ ಹೇಳುತ್ತಾರೆ. ಬೀಜದ ಸಸಿ ತಾಯಿಯಂತೆಯೇ ಬರುತ್ತದೆ ಅಂತ ಹೇಳಲಾಗದು, ಕಾಯಿಗೂ ಬಹಳ ವರ್ಷ ಕಾಯಬೇಕು. ಕಸಿ ಗಿಡ ಅದೇ ಗಿಡ. ಅದೇ ಹುಳಿ, ಅದೇ ತಿರುಳು, ಕಾಯಿಯೂ ಬೇಗ. ಪೆನ್ಸಿಲ್ ದಪ್ಪದ ಹತ್ತು ಹನ್ನೆರಡು ಕಡ್ಡಿ ಸಾಕು. ಎಲೆ ಸವರಿ, ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿಟ್ಟು ಅದೇ ದಿನ ಒಯ್ಯಿರಿ. ಕಡ್ಡಿ ಆರಿಸುವಾಗ ಅವ್ವನನ್ನೂ ಜೊತೆಗೆ ಕರೆದುಕೊಳ್ಳಿ. ಯಾವ ಕೊಂಬೆಯ ಕಾಯಿ ದಪ್ಪ ಅಂತ ಅವರಿಗೆ ಗೊತ್ತಿರುತ್ತದೆ.